ನೇರಗೋಡೆಯ ಮಹಜರು

ವೆಂಕಪ್ಪ ಗೌಡರಿಗೆ ಬರುತ್ತಿದ್ದದ್ದು ಒಂದೇ ಒಂದು ಕಥೆ. ಇಪ್ಪತ್ತಾರು ವರ್ಷ ಅದನ್ನೇ ಹೇಳಿ ಹೇಳಿ ಅದು ಎಷ್ಟು ಪಳಗಿತ್ತೆಂದರೆ, ಎಲ್ಲಿ ಕೆಮ್ಮಬೇಕು, ಎಲ್ಲಿ ಕನ್ನಡಕ ತೆಗೆಯಬೇಕು ಎನ್ನುವುದೂ ಅದರೊಳಗೇ ಸೇರಿಹೋಗಿತ್ತು. ಸುಳ್ಯದಲ್ಲಿ ಅವರನ್ನು ಬಲ್ಲವರೆಲ್ಲ ಅದನ್ನು ಕಡಿಮೆಯೆಂದರೆ ಐದು ಸಲ ಕೇಳಿದ್ದರು, ಐದು ಸಲವೂ ನಕ್ಕಿದ್ದರು. ನಗದೆ ಮತ್ತೇನು ಮಾಡುವುದು? ಗೌಡರು ಮೂವತ್ತೊಂದು ವರ್ಷ ಸರಕಾರಿ ಸರ್ವೇಯರ್ ಆಗಿದ್ದವರು. ಕೇಳುವವರಲ್ಲಿ ಅರ್ಧ ಜನರ ಗಡಿಕಲ್ಲು ಅವರು ನೆಡಿಸಿದ್ದು.

ಕಥೆ ಹೀಗೆ. ಕಲ್ಲುಗುಂಡಿಯಲ್ಲಿ ಒಂದು ಗಡಿ ಅಳತೆ. ಎರಡು ಜಾಗಗಳ ನಡುವೆ ಒಂದು ಬಾವಿ. ಗೌಡರು ಬಾವಿಯ ಈಚೆ ನಿಂತು ಟ್ರೇಸಿಂಗ್ ಹಾಳೆಯ ನಕ್ಷೆಯನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದಿದ್ದಾರೆ. ಬಾವಿಯ ಆಚೆ, ತನ್ನ ಮನೆಯ ಬದಿಯಲ್ಲಿ, ಝುಲೈಖಾ ಎಂಬ ಹೆಂಗಸು. ಅಕ್ಷರ ಗೊತ್ತಿಲ್ಲ. ಅವಳಿಗೆ ಕಾಣುತ್ತಿರುವುದು ಹಾಳೆಯ ಬೆನ್ನು. ಆ ಬೆನ್ನನ್ನೇ ನೋಡಿ ಅವಳು ಹೇಳುತ್ತಾಳೆ, ಸಾರೇ, ನೀವು ಈಚೆ ಬಂದು ನೋಡಿ, ಈಚೆಯಿಂದ ಸರಿ ಉಂಟು. ಇಲ್ಲಿ ಗೌಡರು ಕನ್ನಡಕ ತೆಗೆಯುವರು. "ನಾನು ಹೇಳಿದೆ, ಹಾಗಾದ್ರೆ ಒಂದು ಕೆಲಸ ಮಾಡುವ. ನೀವು ಆಚೆಯಿಂದ ಹೆಬ್ಬೆಟ್ಟು ಒತ್ತಿ, ನಾನು ಈಚೆಯಿಂದ ಸೈನ್ ಹಾಕ್ತೇನೆ." ಇಲ್ಲಿ ಎಲ್ಲರೂ ನಗಬೇಕು.

ಕಥೆಯಲ್ಲಿ ಇಲ್ಲದ್ದೇನೆಂದರೆ, ಅಂದು ನೆಟ್ಟ ಕಲ್ಲಿನ ಪ್ರಕಾರ ಬಾವಿ ನೆರೆಯವನ ಪಾಲಾಯಿತು. ಝುಲೈಖಾ ಮುಂದೆ ಹದಿನೇಳು ವರ್ಷ, ಪಂಚಾಯತಿನ ಪೈಪು ಬರುವವರೆಗೆ, ಹೊಳೆಯಿಂದ ನೀರು ಹೊತ್ತಳು. ಅದು ಗೌಡರಿಗೆ ಗೊತ್ತಿರಲಿಲ್ಲವೆಂದಲ್ಲ. ಗೊತ್ತಿತ್ತು. ಆದರೆ ನಕ್ಷೆ ಹೇಳಿದ್ದು ಹಾಗೆ, ತಾನೇನು ಮಾಡುವುದು ಎಂಬ ಧೈರ್ಯವಿತ್ತು. ತಾನು ಅಳೆದದ್ದು ಯಾವತ್ತೂ ತಪ್ಪಿಲ್ಲ ಎನ್ನುವುದು ಅವರಿಗೆ ಪೆನ್ಷನ್ನಿಗಿಂತ ದೊಡ್ಡ ಆಸ್ತಿ. ಹೆಂಡತಿ ಪೂವಮ್ಮನಿಗೆ ಸಿಟ್ಟು ಬಂದಾಗಲೂ ಅದೊಂದನ್ನು ಮಾತ್ರ ಮುಟ್ಟುತ್ತಿರಲಿಲ್ಲ.

ಇಂಥ ಗೌಡರು ನಿವೃತ್ತಿಯ ಮೇಲೆ ಚಂದ್ರನನ್ನು ಹಿಡಿದರು. ಭೂಮಿಯಲ್ಲಿ ಅಳೆಯಲು ಬಿಡುವವರಿಲ್ಲದ ಮೇಲೆ ಇನ್ನೆಲ್ಲಿಗೆ ಹೋಗುವುದು?

ಚಂದ್ರವೀಕ್ಷಕರ ಬಳಗ ಎಂದು ಒಂದು ಇದೆ. ಸುಳ್ಯ, ಪುತ್ತೂರು, ಕಡಬ ಮೂರೂ ಕಡೆಯವರು ಸೇರಿ ಹನ್ನೊಂದು ಜನ. ಸುಳ್ಯದಲ್ಲಿ ಯಾವ ಕಡೆ ನೋಡಿದರೂ ಗುಡ್ಡ ಅಡ್ಡ ಬರುವುದರಿಂದ ಅವರು ಸೇರುವುದು ಕೊಯಿಲದ ಹತ್ತಿರ, ಬಳಗದವರೇ ಆದ ಕೃಷ್ಣಮೋಹನರ ಪದವಿನಲ್ಲಿ. ಪದವು ಎಂದರೆ ಗುಡ್ಡದ ಮೇಲಿನ ಬೋಳು ಬಯಲು, ಬರೀ ಕೆಂಪು ಮುರಕಲ್ಲು, ಒಣಹುಲ್ಲು, ಮೇಲೆ ಬೇಕಾದಷ್ಟು ಆಕಾಶ. ದುರ್ಬೀನೂ ಕೃಷ್ಣಮೋಹನರದೇ. ಅವರಿಗೆ ಕುತ್ತಿಗೆನೋವು, ಬೆಲ್ಟು ಹಾಕಿಕೊಂಡೇ ಇರುವವರು. ಹಾಗಾಗಿ ಕೊಳವೆಯ ತುದಿಗೆ ಮೊಣಕೈಯಂತೆ ಬಾಗಿದ ಒಂದು ತುಂಡು ಸಿಕ್ಕಿಸಿದ್ದಾರೆ, ಅದರೊಳಗೆ ಪುಟ್ಟ ಕನ್ನಡಿ. ಕುರ್ಚಿಯಲ್ಲಿ ಕುಳಿತು ಸೊಪ್ಪು ಆರಿಸುವವರಂತೆ ತಲೆ ತಗ್ಗಿಸಿದರೆ ನೆತ್ತಿಯ ಮೇಲಿನ ಚಂದ್ರ ಕಾಣುತ್ತಾನೆ. ಬಳಗದಲ್ಲಿ ಅದಕ್ಕೆ ಮೊಣಕೈ ಎಂದೇ ಹೆಸರು.

ಕೃಷ್ಣಮೋಹನರು ತೀರಿಕೊಂಡ ತಾಯಿ ಶಂಕರಿಯಮ್ಮನ ನೆನಪಿಗೆ ಬಳಗಕ್ಕೆ ಚಂದ್ರನ ಅಟ್ಲಾಸ್ ಒಂದನ್ನು ಕೊಡುತ್ತೇನೆಂದರು. ಮುದ್ರಿತ ಪುಸ್ತಕವೇ ಆಗಬೇಕು, ಮೊಬೈಲಿನ ಬೆಳಕು ಕಣ್ಣಿಗೆ ಹೊಡೆದರೆ ಆಮೇಲೆ ಚಂದ್ರನೂ ಕಾಣುವುದಿಲ್ಲ, ಚಪ್ಪಲಿಯೂ ಕಾಣುವುದಿಲ್ಲ. ಯಾವ ಅಟ್ಲಾಸ್ ಎಂದು ಆರಿಸಲು ಉಪಸಮಿತಿ. ಅಧ್ಯಕ್ಷರು ಯಾರಾಗಬೇಕೆಂದು ಕೇಳುವ ಅಗತ್ಯವೇ ಬೀಳಲಿಲ್ಲ, ಗೌಡರು ಆಗಲೇ ಫೈಲು ತೆರೆದಾಗಿತ್ತು.

ಪುತ್ತೂರಿನ ಪುಸ್ತಕದ ಅಂಗಡಿಯಿಂದ ಮೂರು ಮಾದರಿ ಬಂದವು. ಮೊದಲನೆಯದು ಬಾಹ್ಯಾಕಾಶ ನೌಕೆಗಳು ತೆಗೆದ ಫೋಟೋಗಳ ದೊಡ್ಡ ಗ್ರಂಥ. ಎರಡನೆಯದು ಕೈಯಿಂದ ಬರೆದ ನಕ್ಷೆಗಳು, ಸುರುಳಿ ಬೈಂಡಿಂಗ್, ಮಂಜು ಬಿದ್ದರೂ ಒರೆಸಬಹುದಾದ ಹಾಳೆ. ಮೂರನೆಯದೂ ಅದೇ ಎರಡನೆಯದು, ಆದರೆ ಕನ್ನಡಿಯಲ್ಲಿ ಕಂಡಂತೆ ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ. ಹೆಸರುಗಳು ಮಾತ್ರ ನೆಟ್ಟಗಿದ್ದವು. ಅಂಗಡಿಯವನು ಜತೆಗೊಂದು ಚೀಟಿ ಇಟ್ಟಿದ್ದ, ನಿಮ್ಮ ದುರ್ಬೀನಿಗೆ ಮೊಣಕೈ ಇರುವುದರಿಂದ ಮೂರನೆಯದೇ ಸರಿಯಾದೀತು ಎಂದು.

ಗೌಡರ ಮೈ ಉರಿದುಹೋಯಿತು. ಉರಿಯದೆ ಇರುತ್ತದೆಯೇ? ಆ ಅಂಗಡಿಯವನು ಅಲಿ ಕುಂಞಿ. ಕಲ್ಲುಗುಂಡಿಯ ಝುಲೈಖಾಳ ಮಗ. ಅಂದಿನ ಅಳತೆಯ ಹೊತ್ತಿಗೆ ಹತ್ತನೆಯ ಕ್ಲಾಸಿನ ಹುಡುಗ, ಬಾವಿಯ ಹತ್ತಿರ ಸುಮ್ಮನೆ ನಿಂತಿದ್ದ. ದೊಡ್ಡವನಾಗಿ ಅಂಗಡಿ ಇಟ್ಟ ಮೇಲೆ ಗೌಡರು ಒಮ್ಮೆ ಅಲ್ಲಿಗೆ ಹೋದಾಗ, ನಾನು ಝುಲೈಖಾ ಅವರ ಮಗ ಎಂದಷ್ಟೇ ಹೇಳಿ ಬಿಲ್ಲು ಹರಿದುಕೊಟ್ಟಿದ್ದ. ಅದಾದ ಮೇಲೆ ಎಷ್ಟೋ ಸಲ ಕಂಡಿದ್ದಾರೆ, ಒಂದು ದಿನವೂ ಬಾವಿಯ ಸುದ್ದಿ ಎತ್ತಿದವನಲ್ಲ. ಎತ್ತಿದ್ದರೆ ಗೌಡರಿಗೆ ಉತ್ತರ ಬಾಯಿಪಾಠವಿತ್ತು. ಎತ್ತದೆ ಇದ್ದದ್ದೇ ಅವರಿಗೆ ತಡೆಯದ ಸಂಗತಿ.

"ತಾಯಿ ನಕ್ಷೆಯನ್ನು ಹಿಂದಿನಿಂದ ಓದಿದಳು. ಮಗ ಹಿಂದಿನಿಂದ ಅಚ್ಚು ಹಾಕಿದ್ದನ್ನೇ ಮಾರ್ತಾನೆ," ಎಂದು ಗೌಡರು ಸಭೆಯಲ್ಲಿ ಹೇಳಿದರು. ಚೆನ್ನಾಗಿ ನಗು ಬಂತು. ಕಥೆಗೊಂದು ಬಾಲ ಸಿಕ್ಕಿತೆಂದು ಅವರಿಗೂ ಖುಷಿಯಾಯಿತು.

ಮುಂದಿನದೆಲ್ಲ ಕ್ರಮಪ್ರಕಾರ. ಗೌಡರು ಮೂರು ಪುಸ್ತಕಗಳ ತುಲನಾ ಪಟ್ಟಿ ಮಾಡಿದರು. ಆಕ್ಷೇಪಣೆ ಸಲ್ಲಿಸಲು ಹದಿನೈದು ದಿನ ಕೊಟ್ಟರು. ಅಷ್ಟರಲ್ಲಿ ಚಂದ್ರ ಕರಗಿ, ಅಮಾವಾಸ್ಯೆ ಕಳೆದು, ಮತ್ತೆ ಬೆಳೆಯತೊಡಗಿದ್ದ, ಅವನಿಗೆ ನೋಟೀಸು ತಲುಪಿರಲಿಲ್ಲ. ಕೃಷ್ಣಮೋಹನರ ಒಲವು ಒಂದನೆಯದಕ್ಕೆ. ಅಮ್ಮನ ಹೆಸರು ಹಾಕುವ ಪುಸ್ತಕ ಎತ್ತಿದರೆ ಕೈಗೆ ಗೊತ್ತಾಗಬೇಕು ಎಂಬುದು ಅವರ ವಾದ. ಅದು ಕೈಗೆ ಗೊತ್ತಾದದ್ದು ಹೆಚ್ಚಾಗಿಯೇ, ಕುತ್ತಿಗೆಗೂ ಗೊತ್ತಾಯಿತು. ಅಲ್ಲದೆ ಅದರಲ್ಲಿ ಎಷ್ಟು ವಿವರ ತುಂಬಿತ್ತೆಂದರೆ ನಮ್ಮ ದುರ್ಬೀನಿನಲ್ಲಿ ಕಾಣುವ ಯಾವುದೂ ಹುಡುಕಿದರೂ ಸಿಗುತ್ತಿರಲಿಲ್ಲ. ಹಾಗಾಗಿ ಉಳಿದದ್ದು ಎರಡನೆಯದು. ಮೂರನೆಯದರ ಎದುರು ಗೌಡರು ಕೆಂಪು ಶಾಯಿಯಲ್ಲಿ, ದಿಕ್ಕು ತಪ್ಪಿದ ನಕ್ಷೆ, ಪರಿಗಣಿಸತಕ್ಕದ್ದಲ್ಲ ಎಂದು ಬರೆದಿದ್ದರು.

ಆಗ ಬಾಯಿ ತೆರೆದವಳು ಹರಿಣಾಕ್ಷಿ. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು, ಬಳಗದಲ್ಲಿ ಪ್ರತಿ ತಿಂಗಳೂ ಚಂದ್ರನ ಕುಳಿಗಳನ್ನು ನೋಡಿ ಬರೆದಿಡುವವಳು ಅವಳೊಬ್ಬಳೇ. ಉಳಿದವರು ಬರುವುದು ಕೃಷ್ಣಮೋಹನರ ಮನೆಯ ಚಹಾ ಅವಲಕ್ಕಿಗೆ ಎಂದರೆ ತಪ್ಪಾಗುತ್ತದೆ, ಆದರೆ ತುಂಬಾ ತಪ್ಪಾಗುವುದಿಲ್ಲ. ಪುಸ್ತಕ ಕೊಳ್ಳುವ ಮೊದಲು ಒಂದು ಸಲ ದುರ್ಬೀನಿನ ಪಕ್ಕ ಇಟ್ಟು ನೋಡುವ ಸರ್ ಎಂದಳು. ಗೌಡರು ಬೇಡವೆನ್ನಲಿಲ್ಲ. ಬೇಡವೆನ್ನುವುದು ಹೇಗೆ, ಸ್ಥಳ ತನಿಖೆ ಮಾಡದೆ ಅವರು ಯಾವ ಫೈಲನ್ನೂ ಮುಗಿಸಿದವರಲ್ಲ. ಶುಕ್ಲಪಕ್ಷದ ನವಮಿಯ ಸಂಜೆ ಮಹಜರು ಎಂದು ನಿಗದಿಯಾಯಿತು.

ತನಿಖೆಗೆ ಗುರುತಿನ ಜಾಗವನ್ನು ಗೌಡರೇ ಆರಿಸಿದರು. ಚಂದ್ರನ ಮೇಲೆ ನೂರು ಕಿಲೋಮೀಟರಿಗೂ ಉದ್ದವಾದ ಒಂದು ಏಣು ಇದೆ, ನೇರಗೋಡೆ ಎಂದು ಕರೆಯುತ್ತಾರೆ. ಅರ್ಧಚಂದ್ರನ ಮರುದಿನ ಅದರ ನೆರಳು ಸ್ಕೇಲು ಇಟ್ಟು ಎಳೆದ ಕಪ್ಪು ಗೆರೆಯಂತೆ ಕಾಣುತ್ತದೆ. ಇಡೀ ಚಂದ್ರನಲ್ಲಿ ಗೌಡರಿಗೆ ಪ್ರೀತಿ ಇದ್ದದ್ದು ಅದೊಂದರ ಮೇಲೆ. ಯಾರೂ ಒತ್ತುವರಿ ಮಾಡದ ಗಡಿ ಎಂದು ಅವರು ಅದನ್ನು ನೋಡಿ ನಿಟ್ಟುಸಿರು ಬಿಡುತ್ತಿದ್ದರು. ಆ ಗೆರೆಯ ಒಂದು ಬದಿಗೆ ಬರ್ಟ್ ಎಂಬ ಪುಟ್ಟ ಕುಳಿ ಇದೆ. ಎರಡನೆಯ ಅಟ್ಲಾಸಿನಲ್ಲಿ ಅದು ಗೋಡೆಯ ಎಡಕ್ಕೆ, ಮೂರನೆಯದರಲ್ಲಿ ಬಲಕ್ಕೆ. ಇದಕ್ಕಿಂತ ಸುಲಭದ ತಕರಾರು ಭೂಮಿಯ ಮೇಲೆ ಎಲ್ಲಿಯೂ ಸಿಗಲಿಕ್ಕಿಲ್ಲ.

ನವಮಿಯ ದಿನ ಹೊತ್ತು ಮುಳುಗುವಾಗ ಚಂದ್ರ ನೆತ್ತಿಯ ಹತ್ತಿರವೇ ಇದ್ದ. ಗೌಡರು ಕುರ್ಚಿಯಲ್ಲಿ ಕುಳಿತು ಮೊಣಕೈಗೆ ಕಣ್ಣಿಟ್ಟರು. ಗೋಡೆ ಕಂಡಿತು. ಬರ್ಟ್ ಬಲಕ್ಕಿತ್ತು.

ಅವರು ಕನ್ನಡಕ ಒರೆಸಿ ಮತ್ತೆ ನೋಡಿದರು. ಬಲಕ್ಕೇ ಇತ್ತು. ಕೃಷ್ಣಮೋಹನರೂ ನೋಡಿ ಬಲ ಎಂದರು. ಮಹಜರಿನ ಹಾಳೆ ಹಿಡಿದುಕೊಂಡಿದ್ದ ಹರಿಣಾಕ್ಷಿ, ಬಲ ಅಂತ ಬರೀಲಾ ಸರ್ ಎಂದು ಕೇಳಿದಳು.

ಗೌಡರು ಬರೆಯಲು ಬಿಡಲಿಲ್ಲ. ಅಳತೆ ಹೊಂದದೆ ಹೋದರೆ ತಪ್ಪು ನಕ್ಷೆಯದ್ದಲ್ಲ, ಉಪಕರಣದ್ದು, ಇದು ಇಲಾಖೆಯಲ್ಲಿ ಎಲ್ಲರಿಗೂ ಗೊತ್ತಿರುವ ವಿಷಯ ಎಂದರು. ಉಪಕರಣದಲ್ಲಿ ದೋಷ ಎಲ್ಲಿ? ಮೊಣಕೈಯಲ್ಲಿ. ಮೊಣಕೈ ತೆಗೆಸಿದರು. ಈಗ ನೆತ್ತಿಯ ಮೇಲಿನ ಚಂದ್ರನನ್ನು ಕೊಳವೆಯ ತುದಿಯಿಂದ ನೇರ ನೋಡಬೇಕು, ಆ ತುದಿಯೋ ನೆಲದಿಂದ ಒಂದು ಮೊಳ. ಗೌಡರು ಮುರಕಲ್ಲಿನ ಮೇಲೆ ಹೆಗಲ ಬೈರಾಸು ಹಾಸಿ ಅಂಗಾತ ಮಲಗಿದರು. ಅರವತ್ತೈದು ವರ್ಷದ ಸೊಂಟ ಕಟಕಟ ಎಂದಿತು. ಪಕ್ಕದಲ್ಲಿ ಕೃಷ್ಣಮೋಹನರು ಬೆಲ್ಟು ಸಮೇತ ಮಲಗಿದರು, ದಾನಿಗಳು ಸಾಕ್ಷಿ ಹಾಕಬೇಕಲ್ಲ. ದೂರದಲ್ಲಿ ಮೇಯುತ್ತಿದ್ದ ಎರಡು ದನ ತಲೆ ಎತ್ತಿ ನೋಡಿ, ತಮಗೆ ಸಂಬಂಧವಿಲ್ಲವೆಂದು ತಿಳಿದು ಮತ್ತೆ ಹುಲ್ಲಿಗೆ ಬಾಯಿ ಹಾಕಿದವು.

ಈಗ ಚಂದ್ರನೇ ತಲೆಕೆಳಗಾಗಿದ್ದ. ಅಟ್ಲಾಸನ್ನೂ ತಲೆಕೆಳಗು ಮಾಡಿ ಹಿಡಿದರೆ ಎರಡನೆಯದು ತಾಳೆಯಾಗುತ್ತಿತ್ತು. ಹೊಂದಿತು ನೋಡಿ, ನಕ್ಷೆ ಸರಿ ಉಂಟು ಎಂದು ಗೌಡರು ಮಲಗಿದಲ್ಲಿಂದಲೇ ಘೋಷಿಸಿದರು. ಒಂದು ಪುಸ್ತಕ ಸರಿ ಎನಿಸಿಕೊಳ್ಳಲು ಇಬ್ಬರು ಹಿರಿಯರು ಹೀಗೆ ನೆಲ ಹಿಡಿದದ್ದು ನಮ್ಮ ಮೂರು ತಾಲೂಕಿನಲ್ಲಿ ಮೊದಲು. ಕೃಷ್ಣಮೋಹನರು, ಎಲ್ಲ ಸರಿ ಮಾರಾಯ್ರೆ, ನನ್ನನ್ನು ಯಾರಾದರೂ ಎಬ್ಬಿಸಿ ಎಂದರು.

ಹರಿಣಾಕ್ಷಿ ಅವರನ್ನು ಎಬ್ಬಿಸಿ ಕೂರಿಸಿ, ಗೌಡರ ಕಡೆ ತಿರುಗಿದಳು. ಅವಳಿಗೆ ಸಿಟ್ಟು ಬಂದಿತ್ತು, ಆದರೆ ಮಕ್ಕಳಿಗೆ ಪಾಠ ಹೇಳುವವಳಾದ್ದರಿಂದ ಸ್ವರ ಏರಿಸಲಿಲ್ಲ. ಸರ್, ದುರ್ಬೀನು ಬಿಡಿ, ಬರೀ ಕಣ್ಣಲ್ಲಿ ಚಂದ್ರನನ್ನು ನೋಡಿ, ಬೆಳಗಿದ ಬದಿ ಯಾವುದು ಎಂದಳು. ಎಲ್ಲರೂ ತಲೆ ಎತ್ತಿದರು. ದುರ್ಬೀನು ಬಂದ ಮೇಲೆ ಬಳಗದವರು ಚಂದ್ರನನ್ನು ಬರೀ ಕಣ್ಣಲ್ಲಿ ನೋಡಿದ್ದು ಅದೇ ಮೊದಲಿರಬೇಕು. ಬೆಳಗಿದ ಬದಿ ಬಲಕ್ಕೆ, ಸೂರ್ಯ ಮುಳುಗಿದ ಕಡೆಗೆ. ಅವಳು ಮೊಣಕೈಯನ್ನು ಮತ್ತೆ ಸಿಕ್ಕಿಸಿ ನೋಡಲು ಹೇಳಿದಳು. ಬೆಳಗಿದ ಬದಿ ಎಡಕ್ಕಿತ್ತು. ನಕ್ಷೆ ಎರಡೂ ಸರಿ ಸರ್, ನಾವು ಯಾವ ಬದಿಯಿಂದ ನೋಡ್ತೇವೆ ಅನ್ನುದು ಮುಖ್ಯ ಎಂದಳು.

ಗೌಡರಿಗೆ ಅದು ಅರ್ಥವಾಯಿತು, ಆದರೆ ಅರ್ಥವಾಯಿತೆಂದು ಒಪ್ಪಿಕೊಳ್ಳುವ ಅಭ್ಯಾಸವಿರಲಿಲ್ಲ. ತೋರಿಸಿ ಎಂದರು.

ಹರಿಣಾಕ್ಷಿ ಚೀಲದಿಂದ ಟ್ರೇಸಿಂಗ್ ಹಾಳೆ ತೆಗೆದಳು, ಶಾಲೆಗೆಂದು ತಂದದ್ದು. ಎರಡನೆಯ ಅಟ್ಲಾಸಿನ ಪುಟದ ಮೇಲೆ ಅದನ್ನಿಟ್ಟು ಗೋಡೆಯ ಗೆರೆ ಎಳೆದಳು, ಬರ್ಟಿಗೊಂದು ಸುತ್ತು ಹಾಕಿದಳು. ಹಾಳೆಯನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದಳು. ಬೆನ್ನ ಹಿಂದೆ ಪಡುವಣದಲ್ಲಿ ಇನ್ನೂ ಕೆಂಪು ಇತ್ತು, ಗೆರೆ ಹಾಳೆಯ ಮೂಲಕ ಹಾದು ಆಚೆಗೂ ಸ್ಪಷ್ಟವಾಗಿ ಕಾಣುತ್ತಿತ್ತು. ಅವಳ ಪಕ್ಕ ನಿಂತ ಕೃಷ್ಣಮೋಹನರು, ಇದು ದುರ್ಬೀನಿನಂತೆ ಇಲ್ಲ ಎಂದರು. ಗೌಡರು ನಿಂತದ್ದು ಅವಳ ಎದುರಿಗೆ, ಹಾಳೆಯ ಬೆನ್ನಿಗೆ.

"ನೀವು ಈಚೆ ಬಂದು ನೋಡಿ," ಎಂದರು ಗೌಡರು. "ಈಚೆಯಿಂದ ಸರಿ ಉಂಟು."

ಕೃಷ್ಣಮೋಹನರು ಹೋ ಎಂದು ನಕ್ಕರು. ಐದು ಸಲ ಕೇಳಿದ ಮಾತು, ಕನ್ನಡಕ ತೆಗೆಯುವುದು ಯಾವಾಗ ಎಂದು ಕಾದು ನೋಡಿದರು. ಗೌಡರು ಕನ್ನಡಕ ತೆಗೆಯಲಿಲ್ಲ. ಮಾತು ಬಾಯಿಯಿಂದ ಬಿದ್ದ ಮೇಲೆ ಅವರಿಗೆ ಅದು ಯಾರದೆಂದು ಗೊತ್ತಾಯಿತು. ಮಹಜರಿಗೆ ಸೈನು ಹಾಕದೆ, ಅವಲಕ್ಕಿಯನ್ನೂ ಮುಟ್ಟದೆ, ಸಿಕ್ಕಿದ ಜೀಪು ಹಿಡಿದು ಮನೆಗೆ ಹೋದರು.

ಕಲ್ಲುಗುಂಡಿಯ ಆ ಟ್ರೇಸಿಂಗ್ ಹಾಳೆ ಅವರ ಟ್ರಂಕಿನಲ್ಲೇ ಇತ್ತು. ಕಥೆ ಹೇಳುವಾಗ ತೋರಿಸಲಿಕ್ಕೆಂದು ಒಂದು ಪ್ರತಿಯನ್ನು ಬಿಡಿಸಿ ಇಟ್ಟುಕೊಂಡಿರಲಿಲ್ಲ, ಅಂದು ಹಿಡಿದ ಹಾಳೆಯನ್ನೇ ಇಟ್ಟುಕೊಂಡಿದ್ದರು. ಮನೆಗೆ ಬಂದವರೂ ಅದನ್ನು ಮುಟ್ಟಿ ನೋಡಿ ನಕ್ಕಿದ್ದರು. ಗೌಡರು ಅದನ್ನು ಮೇಜಿನ ಮೇಲೆ ಹರಡಿ ಬೆರಳು ಆಡಿಸಿದರು. ಅಂಕೆಗಳ ಪೆನ್ಸಿಲ್ ಗೀರು ಈ ಬದಿಯಲ್ಲಿ ಬೆರಳಿಗೆ ತಾಗಿತು. ಗೆರೆ ತಾಗಲಿಲ್ಲ. ಹಾಳೆ ಮಗುಚಿದರು. ಗೆರೆಗಳ ಗೀರು ಆ ಬದಿಯಲ್ಲಿತ್ತು.

ಇಪ್ಪತ್ತಾರು ವರ್ಷದ ಹಿಂದಿನದೆಲ್ಲ ಒಮ್ಮೆಗೇ ನೆನಪಾಯಿತು. ಕಚೇರಿಯಲ್ಲಿ ಗೆರೆ ಮಾತ್ರ ಎಳೆದು ಹಾಳೆ ಸುರುಳಿ ಮಾಡಿದ್ದು. ಬಸ್ಸಿಗೆ ಹೊತ್ತಾದದ್ದು. ಜಾಗಕ್ಕೆ ಹೋಗಿ ಸುರುಳಿ ಬಿಚ್ಚಿ, ಬಾವಿಕಟ್ಟೆಯ ಮೇಲೆ ಇಟ್ಟು, ಟಿಪ್ಪಣಿ ನೋಡಿ ಅಂಕೆ ಬರೆದದ್ದು. ಬಿಚ್ಚುವಾಗ ಹಾಳೆ ಮಗುಚಿತ್ತು. ಬಾವಿಯನ್ನು ಬಳಸಿ ನೆರೆಯವನ ಕಡೆಗೆ ಬಾಗಬೇಕಾದ ಗಡಿ ಝುಲೈಖಾಳ ಮನೆಯ ಕಡೆಗೆ ಬಾಗಿತ್ತು. ಅದನ್ನು ಕಂಡವಳು ಆಚೆ ನಿಂತಿದ್ದ ಅವಳೊಬ್ಬಳೇ. ಪೂವಮ್ಮ ಬಂದು ಏನಾಯಿತೆಂದು ಕೇಳಿದಳು. ಗೌಡರು ಹಾಳೆಯನ್ನು ಎತ್ತಿ ತೋರಿಸಿದರು, ಹೇಳಲು ಹೊರಟರು, ಅತ್ತರು. ಹೆಂಡತಿಯ ಎದುರು ಅವರು ಅತ್ತದ್ದು ಅದೇ ಮೊದಲು, ಅವಳಿಗೆ ಏನು ಮಾಡಬೇಕೆಂದು ತಿಳಿಯದೆ ನೀರು ತಂದಿಟ್ಟಳು. ನೀರು ನೋಡಿ ಇನ್ನಷ್ಟು ಅಳು ಬಂತು.

ಮರುದಿನ ಬೆಳಿಗ್ಗೆ ಅವರು ಕಲ್ಲುಗುಂಡಿಯಲ್ಲಿ ಬಸ್ಸಿಳಿದರು. ಝುಲೈಖಾ ಜಗಲಿಯಲ್ಲಿ ಕುಳಿತು ಜಾಯಿಕಾಯಿಯ ಪತ್ರೆ ಬಿಡಿಸುತ್ತಿದ್ದಳು. ಎಂಬತ್ತರ ಹತ್ತಿರದ ಮುದುಕಿ, ಕೈ ಮಾತ್ರ ಚುರುಕು. ಬೇಲಿಯಾಚೆ ಬಾವಿಯ ಬಾಯಿಗೆ ಕಾಂಕ್ರೀಟು ಹಲಗೆ ಮುಚ್ಚಿತ್ತು. ಗೌಡರು ಕುಳಿತುಕೊಳ್ಳದೆ, ನಿಂತಲ್ಲಿಂದಲೇ, ಹಾಳೆ ಮಗುಚಿದ್ದನ್ನು ಹೇಳಿದರು. ಇಲಾಖೆಯ ಭಾಷೆಯಲ್ಲಿ ಶುರು ಮಾಡಿದರು, ಆಮೇಲೆ ಅದು ಕೈಕೊಟ್ಟಿತು. ತಪ್ಪಾಯಿತು ಎಂದರು. ಆ ಶಬ್ದ ನಾಲಿಗೆಗೆ ಹೊಸದಾದ್ದರಿಂದ ಎರಡು ಸಲ ಹೇಳಬೇಕಾಯಿತು. ತಹಶೀಲ್ದಾರರಿಗೆ ಬರೆದುಕೊಡುತ್ತೇನೆ, ಬಾವಿ ವಾಪಸು ಸಿಗುವಂತೆ ಎಂತ ಮಾಡಬೇಕೋ ಮಾಡುತ್ತೇನೆ ಎಂದರು.

ಝುಲೈಖಾ ಹಾಳೆ ತೆಗೆದುಕೊಂಡು ಮಗುಚಿ ನೋಡಿದಳು. ಅವಳಿಗೆ ಆಶ್ಚರ್ಯವೇನೂ ಆಗಲಿಲ್ಲ.

"ಬಾವಿ ಎಂತಕ್ಕೆ ಸಾರೇ ಈಗ? ಪೈಪು ಉಂಟು. ಹೊತ್ತ ನೀರನ್ನು ಹೊಳೆಗೆ ವಾಪಸು ಹಾಕ್ಲಿಕ್ಕೆ ಆಗುದಿಲ್ಲ." ಅವಳು ಹಾಳೆಯನ್ನು ಅವರ ಕೈಗೇ ಕೊಟ್ಟಳು. "ನೀವು ನನ್ನ ಒಂದು ಕಥೆ ಹೇಳ್ತೀರಂತೆ. ಮಗನ ಅಂಗಡಿಗೆ ಬಂದವರು ಅವನ ಹತ್ರವೇ ಅದನ್ನು ಹೇಳಿ ನಗ್ತಾರೆ. ಆ ದಿನ ಅವನು ಮನೆಗೆ ಬಂದು ಊಟ ಮಾಡುದಿಲ್ಲ. ಅದನ್ನು ಸರಿ ಮಾಡಿ ಹೇಳಿ, ಅಷ್ಟು ಸಾಕು."

ಅಷ್ಟು ಸಾಕು ಎಂದಳು. ಬಾವಿ ಬಿಡಿಸಿಕೊಡುವುದೇ ಸುಲಭವಿತ್ತು ಎಂದು ಗೌಡರಿಗೆ ಬಸ್ಸಿನಲ್ಲಿ ಅನಿಸಿತು.

ಮಹಜರಿಗೆ ಸೈನು ಬಿತ್ತು. ಮೂರನೆಯ ಅಟ್ಲಾಸ್ ಆಯ್ಕೆಯಾಯಿತು. ಕೆಂಪು ಶಾಯಿಯ ಸಾಲನ್ನು ಗೌಡರೇ ಹೊಡೆದುಹಾಕಿ ಪಕ್ಕದಲ್ಲಿ ದಿನಾಂಕ ಹಾಕಿದರು. ಪುಸ್ತಕದ ಮೊದಲ ಪುಟದಲ್ಲಿ ಶಂಕರಿಯಮ್ಮನ ಹೆಸರು ಅಂಟಿಸಿ, ಮುಂದಿನ ತಿಂಗಳು ಪದವಿನಲ್ಲೇ ಬಿಡುಗಡೆ ಮಾಡುವುದೆಂದಾಯಿತು. ಬಳಗದವರು, ಅವರ ಮನೆಯವರು ಎಂದು ಐವತ್ತು ಜನ ಸೇರಿದರು. ಅಟ್ಲಾಸನ್ನು ಕಟ್ಟಿಕೊಂಡು ತಂದ ಅಲಿ ಕುಂಞಿ ಹಿಂದಿನ ಸಾಲಿನಲ್ಲಿ ನಿಂತಿದ್ದ. ಕೃಷ್ಣಮೋಹನರು ಮೈಕಿನಲ್ಲಿ, ಗೌಡರು ಎರಡು ಮಾತಾಡಬೇಕು, ಕಲ್ಲುಗುಂಡಿಯದ್ದನ್ನೂ ಹೇಳಬೇಕು ಎಂದರು.

ಗೌಡರು ಎದ್ದು ನಿಂತರು. ಕಲ್ಲುಗುಂಡಿಯಲ್ಲಿ ಒಂದು ಗಡಿ ಅಳತೆ ಎಂದರು. ಆಗಲೇ ಅಲ್ಲಲ್ಲಿ ನಗು ಹೊರಟಿತು. ಬಾವಿ ಬಂತು, ಹಾಳೆ ಬಂತು, ಈಚೆಯಿಂದ ಸರಿ ಉಂಟು ಎಂಬ ಮಾತು ಬಂತು. ಗೌಡರು ಕನ್ನಡಕ ತೆಗೆದರು, ಕಣ್ಣು ಒದ್ದೆಯಾಗಿತ್ತು.

"ಅವರು ಹೇಳಿದ್ದು ಸರಿ ಇತ್ತು," ಎಂದರು. "ಹಾಳೆ ಹಿಂದೆ ಮುಂದೆ ಹಿಡಿದದ್ದು ನಾನು. ಬಾವಿ ಅವರದ್ದು."

ಸಭೆ ಬಿದ್ದು ಬಿದ್ದು ನಕ್ಕಿತು. ಕೃಷ್ಣಮೋಹನರು ಕುತ್ತಿಗೆಯ ಬೆಲ್ಟು ಹಿಡಿದುಕೊಂಡು ನಕ್ಕು, ಈ ಸಲ ಕೊನೆ ಬದಲಿಸಿದ್ದು ಭಾರೀ ಲಾಯ್ಕಾಯಿತು ಎಂದು ಪಕ್ಕದವರಿಗೆ ಹೇಳಿದರು. ಹರಿಣಾಕ್ಷಿ ನಗಲಿಲ್ಲ. ಹಿಂದಿನ ಸಾಲಿನಲ್ಲಿ ಅಲಿ ಕುಂಞಿ ಕೈಕಟ್ಟಿ ನಿಂತು ಗೌಡರನ್ನೇ ನೋಡುತ್ತಿದ್ದ. ಗೌಡರು ಕನ್ನಡಕವನ್ನು ಜೇಬಿಗೆ ಹಾಕಿದರು, ನಗು ನಿಲ್ಲುವವರೆಗೆ ಕಾದರು, ಕಥೆಯನ್ನು ಮತ್ತೆ ಮೊದಲಿನಿಂದ ಹೇಳತೊಡಗಿದರು.